ಬೀಭತ್ಸದಿಂದ ಕರುಣಕ್ಕೆ: ಹಿರೋಷಿಮಾ ಚಿತ್ರಗಳು

ಘೋರವಾದದ್ದನ್ನು ಸುಂದರವಾಗಿ ಚಿತ್ರಿಸಬಹುದೇ ಎಂಬುದು ಹಳೆಯ ಪ್ರಶ್ನೆ. ಬೀಭತ್ಸವೂ ಒಂದು ರಸವೆಂದು ನಮ್ಮ ಲಾಕ್ಷಣಿಕರು ಎಂದೋ ಒಪ್ಪಿದ್ದಾರೆ. ಆದರೆ ಒಂದೇ ಬಾಂಬಿಗೆ ಒಂದು ಊರೇ ಬೂದಿಯಾದ ಮೇಲೆ ಆ ಒಪ್ಪಿಗೆ ಸಾಕೇ? ಜಪಾನಿನ ಸೈತಾಮಾ ಪ್ರಾಂತದಲ್ಲಿ ಇರಿ ಮತ್ತು ತೋಶಿ ಮಾರುಕಿ ದಂಪತಿಗಳು 1967ರಲ್ಲಿ ತೆರೆದ ಚಿತ್ರಶಾಲೆಯಲ್ಲಿ, ಅವರ ಹಿರೋಷಿಮಾ ಚಿತ್ರಗಳ ಮುಂದೆ ನಿಂತಾಗ ನನ್ನನ್ನು ಕಾಡಿದ್ದು ಇದೇ ಸಂದೇಹ.

1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಬಾಂಬು ಬಿತ್ತು. ಅದು ಇರಿಯವರ ಬಂಧುಗಳಿದ್ದ ಊರು. ಕೆಲವೇ ದಿನಗಳಲ್ಲಿ ದಂಪತಿಗಳು ಅಲ್ಲಿಗೆ ಹೋದರು. ಮೊದಲ ಚಿತ್ರ ‘ಪ್ರೇತಗಳು’ ಹೊರಬಂದದ್ದು 1950ರಲ್ಲಿ. 1982ರ ವೇಳೆಗೆ ಅವು ಹದಿನೈದಾದವು. ಒಂದೊಂದೂ 1.8 ಮೀಟರ್ ಎತ್ತರ, 7.2 ಮೀಟರ್ ಅಗಲ. ತೋಶಿ ತೈಲವರ್ಣದಲ್ಲಿ ಪಳಗಿದವರು, ಇರಿ ಮಸಿಯ ಚಿತ್ರಕಾರರು. ಆಕೆ ಎಚ್ಚರದಿಂದ ಬರೆದ ದೇಹಗಳ ಮೇಲೆ ಆತ ಮಸಿ ಸುರಿಯುತ್ತಿದ್ದರಂತೆ.

‘ಪ್ರೇತಗಳು’ ಚಿತ್ರದಲ್ಲಿ ವಿಮಾನವಿಲ್ಲ, ಅಣಬೆಯಂಥ ಹೊಗೆಯಿಲ್ಲ. ಬೆಂದು ಬತ್ತಲಾದವರ ಸಾಲು ಮಾತ್ರ ಇದೆ. ವಿಜ್ಞಾನದ ಸಾಧನೆಯನ್ನು ಅದು ಸುಟ್ಟ ಚರ್ಮದಿಂದ ಅಳೆಯುವ ಕ್ರಮವಿದು. ಆದರೂ ಒಂದು ಮಾತು ಹೇಳಲೇಬೇಕು: ಮೊದಲ ಚಿತ್ರಗಳಲ್ಲಿ ರೇಖೆಯ ಬೆಡಗು ಹೆಚ್ಚು. ಅದೇ ವರ್ಷದ ‘ಬೆಂಕಿ’ಯಲ್ಲಿ ಕೆಂಪು ಜ್ವಾಲೆ ಕಣ್ಣನ್ನು ಸೆಳೆದುಬಿಡುತ್ತದೆ. ಉರಿಯುವವರನ್ನು ಮರೆತು ಬಣ್ಣವನ್ನು ಮೆಚ್ಚಿದೆನಲ್ಲಾ ಎಂದು ನಾಚಿಕೊಂಡೆ.

ಈ ಅಳುಕು ಕಳೆದದ್ದು ಕೊನೆಯ ಚಿತ್ರಗಳ ಮುಂದೆ. 1971ರಲ್ಲಿ ಇವರು ಹಿರೋಷಿಮಾದಲ್ಲಿ ಸತ್ತ ಅಮೆರಿಕದ ಯುದ್ಧಕೈದಿಗಳನ್ನು ಬರೆದರು. 1972ರ ‘ಕಾಗೆಗಳು’ ಚಿತ್ರದಲ್ಲಿ ಕೊರಿಯನ್ನರ ಹೆಣಗಳಿವೆ; ತೆಗೆಯುವವರಿಲ್ಲದೆ ಅವನ್ನು ಕಾಗೆಗಳು ಮುತ್ತಿವೆ, ಕಪ್ಪಿನ ನಡುವೆ ಕೊರಿಯದ ಬಿಳಿಯ ಉಡುಪು ತೇಲುತ್ತಿದೆ. ಇಲ್ಲಿ ಬೆಡಗಿಗೆ ಎಡೆಯೇ ಇಲ್ಲ. ಮುಂದೆ, 1975ರಲ್ಲಿ, ಜಪಾನೀ ಸೈನ್ಯ ಚೀನದ ನಾನ್‌ಜಿಂಗಿನಲ್ಲಿ ನಡೆಸಿದ ಹತ್ಯಾಕಾಂಡವನ್ನೂ ಬರೆದರು. ಸ್ವದೇಶದ ದುಃಖವನ್ನು ಹಾಡಿ ಕೀರ್ತಿ ಪಡೆದವರು ಸ್ವದೇಶದ ಪಾಪವನ್ನು ಚಿತ್ರಿಸುವುದು ಸಾಮಾನ್ಯ ಧೈರ್ಯವಲ್ಲ.

ಗೆದ್ದವರಿಗೂ ಈ ಧೈರ್ಯ ಸುಲಭವಾಗಿರಲಿಲ್ಲ. ಬಾಂಬು ಹಾಕಿದ ವಿಮಾನದೊಡನೆ ಅದಕ್ಕೆ ಬಲಿಯಾದವರ ಪಾಡನ್ನೂ ತೋರಿಸಲು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆ ಪ್ರದರ್ಶನವೊಂದನ್ನು ಯೋಜಿಸಿತ್ತು. ಮಾಜಿ ಸೈನಿಕರ ಸಂಘಗಳ ವಿರೋಧದಿಂದ 1995ರ ಜನವರಿಯಲ್ಲಿ ಅದನ್ನು ಕೈಬಿಟ್ಟಿತು. ಮಾರುಕಿಯವರ ಆರು ಚಿತ್ರಗಳು ಅದೇ ನಗರದ ಅಮೆರಿಕನ್ ವಿಶ್ವವಿದ್ಯಾಲಯದಲ್ಲಿ ಪ್ರದರ್ಶಿತವಾದದ್ದು 2015ರಲ್ಲಿ.

ಸ್ತ್ರೀಪರ್ವದ ಗಾಂಧಾರಿ ತನ್ನ ಮಕ್ಕಳಿಗಾಗಿ ಮಾತ್ರ ಅಳಲಿಲ್ಲ. ಶತ್ರುಪಕ್ಷದ ಅಭಿಮನ್ಯುವಿಗಾಗಿಯೂ ಅತ್ತಳು. ಬೀಭತ್ಸ ಕರುಣವಾಗುವುದು ಅಲ್ಲಿ. ಮಾರುಕಿಯವರ ಕೊನೆಯ ಚಿತ್ರಗಳಲ್ಲಿ ಕೈಚಳಕ ಕಡಮೆಯೆನ್ನುವ ರಸಿಕರಿದ್ದಾರು. ಇರಲಿ, ನಾನು ಮತ್ತೆ ಮತ್ತೆ ಹಿಂದಿರುಗಿ ನೋಡಿದ್ದು ‘ಬೆಂಕಿ’ಯನ್ನಲ್ಲ, ‘ಕಾಗೆಗಳ’ನ್ನು.