ಎದುರು ಮ್ಯಾಳ ಇಲ್ಲದಿದ್ದರೆ ಹಾಡಿಕೆ ಎಲ್ಲಿಯದು?

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಜಾತ್ರೆಯಾಯಿತೆಂದರೆ ಹಾಡಿಕೆಯೂ ಆಗಲೇಬೇಕು. ಉಮದಿ, ಸಂಖ ಕಡೆ ಕಚೇರಿಯ ಕಾಗದ ಮರಾಠಿಯದು, ಮನೆಮಾತು ಕನ್ನಡ. ದೇವರ ಮುಂದೆ ಬೆಳಗು ಹರಿಯುವತನಕ ನಡೆಯುವ ಹಾಡಿಕೆಯೂ ಕನ್ನಡವೇ. ಒಂದು ಬದಿಗೆ ಶಿವನ ಪಕ್ಷದ ಹರದೇಶಿ ಮ್ಯಾಳ (ಹಾಡುವವರ ತಂಡ), ಎದುರಿಗೆ ಶಕ್ತಿಯ ಪಕ್ಷದ ನಾಗೇಶಿ ಮ್ಯಾಳ. ಶಿವ ಹೆಚ್ಚೋ ಶಕ್ತಿ ಹೆಚ್ಚೋ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬುದು ವಾದ. ಗೀಗೀ ಮ್ಯಾಳವಾದರೆ ದಪ್ಪು, ತುಂತುಣಿ, ತಾಳ. ಹಾಲುಮತದವರ ಮ್ಯಾಳವಾದರೆ ಡೊಳ್ಳು ಮತ್ತು ತಾಳ. ವಾದ್ಯ ಬೇರೆಯಾದರೂ ಸವಾಲು ಹಾಕಿ ಜವಾಬು ಕೇಳುವ ಕ್ರಮ ಒಂದೇ. ಮರಾಠಿಯ ಕಲಗಿ-ತುರಾ ಪಂಥಗಳೂ ಇದೇ ವಾದವನ್ನು ಹಾಡಿಕೊಂಡು ಬಂದಿವೆ.

ಈ ಪರಂಪರೆಯನ್ನು ನಾವು ಹೊಗಳುವುದೇ ಹೆಚ್ಚು, ಅಳೆಯುವುದು ಕಡಿಮೆ. ಅದಕ್ಕೆ ಕಾರಣವಿದೆ. ಇದನ್ನು ‘ಜನಪದ’ ಎಂದು ಕರೆದ ಕೂಡಲೇ ಹಾಡು ಊರಿನದಾಗುತ್ತದೆ, ಕಟ್ಟಿದವನು ಮರೆಯಾಗುತ್ತಾನೆ. ಆದರೆ ಹಾಡಿಕೆಯ ಪದಗಳಿಗೆ ಒಡೆಯರಿದ್ದಾರೆ. ಕೊನೆಯ ನುಡಿಯಲ್ಲಿ ಊರು, ಗುರು, ಕವಿ ಮೂರರ ಹೆಸರೂ ಬರುತ್ತದೆ. ತಾನೇ ಕಟ್ಟಿ ತಾನೇ ಹಾಡುವ ಕವಿ ಇಲ್ಲಿ ಹೊಸಬನಲ್ಲ. ಹೆಸರು ಹಾಕಿ ಹಾಡಿದವನನ್ನು ಕವಿಯೆಂದೇ ಓದಬೇಕು, ಕವಿಯೆಂದೇ ವಿಮರ್ಶಿಸಬೇಕು.

ಕಟ್ಟಣೆಯನ್ನು ನೋಡಿ. ಪಲ್ಲದಿಂದ ಶುರುವಾಗಿ ನುಡಿ, ಚಾಲು, ಏರುಗಳನ್ನು ದಾಟಿ ಕೂಡುಪಲ್ಲಕ್ಕೆ ಬಂದು ಹಾಡು ಮತ್ತೆ ಪಲ್ಲವನ್ನು ಸೇರುತ್ತದೆ. ನುಡಿಯಲ್ಲಿ ಕಥೆ ನಿಧಾನವಾಗಿ ಬೆಳೆಯುತ್ತದೆ. ಏರಿನಲ್ಲಿ ದನಿ ಮೇಲಕ್ಕೆ ಹೋಗುತ್ತದೆ, ಲಯ ಬಿಗಿಯಾಗುತ್ತದೆ. ಸವಾಲಿನ ಮೊನೆ ಎದುರಿನವರಿಗೆ ತಾಗುವುದು ಅಲ್ಲಿ. ಆಮೇಲೆ ಹಿಮ್ಮೇಳದವರು ಸೊಲ್ಲನ್ನು ಎತ್ತಿ ಹಿಡಿಯುತ್ತಾರೆ. ಅಷ್ಟರಲ್ಲಿ ಕೂತ ಜನ ಸವಾಲನ್ನು ತಮ್ಮೊಳಗೆ ತಿರುವಿ ನೋಡುತ್ತಾರೆ, ಎದುರು ಮ್ಯಾಳದವರು ಜವಾಬು ಹೊಂದಿಸಿಕೊಳ್ಳುತ್ತಾರೆ. ಹಾಗಾಗಿ ಇದರ ಛಂದಸ್ಸಿನಲ್ಲೇ ಎದುರಾಳಿಗೆ ಜಾಗವಿದೆ. ಒಬ್ಬರೇ ಹಾಡಿ ಮುಗಿಸುವುದಾಗಿದ್ದರೆ ಈ ಕಟ್ಟಣೆ ಬೇಕಾಗುತ್ತಲೇ ಇರಲಿಲ್ಲ.

ವಾದದ ವಸ್ತುವೂ ಈ ನೆಲದ್ದೇ. ಜತ್ತ ತಾಲೂಕಿನ ದೊಡ್ಡ ಕ್ಷೇತ್ರ ಗುಡ್ಡಾಪುರ. ಅಲ್ಲಿರುವವಳು ಇದೇ ತಾಲೂಕಿನ ಉಮರಾಣಿಯಲ್ಲಿ ಹುಟ್ಟಿದಳೆನ್ನುವ ಶರಣೆ ದಾನಮ್ಮ. ಛಟ್ಟಿ ಅಮಾವಾಸ್ಯೆಗೆ ವಿಜಯಪುರ, ಬೆಳಗಾವಿ ಕಡೆಯ ಭಕ್ತರು ನಡೆದುಕೊಂಡೇ ಬರುತ್ತಾರೆ. ಇಂಥ ಸೀಮೆಯಲ್ಲಿ ನಾಗೇಶಿಯವರು ಹೆಣ್ಣು ಹೆಚ್ಚೆಂದರೆ ಅದು ಬರೀ ಪುರಾಣದ ಮಾತಾಗಿ ಉಳಿಯುವುದಿಲ್ಲ. ಡೊಳ್ಳಿನ ಹಾಡಿಗೂ ಹೀಗೇ ನೆಲದ ಆಸರೆಯಿದೆ. ನೆರೆಯ ಮಂಗಳವೇಢೆ ತಾಲೂಕಿನ ಹುಲಜಂತಿಯಲ್ಲಿ ದೀಪಾವಳಿ ಅಮಾವಾಸ್ಯೆಗೆ ಮಾಳಿಂಗರಾಯನ ಮುಂಡಾಸದ ಉತ್ಸವ, ಪಲ್ಲಕ್ಕಿಗಳ ಭೇಟಿ. ಬೀರಪ್ಪ ಗುರು, ಮಾಳಿಂಗರಾಯ ಶಿಷ್ಯ ಎಂಬ ಕಥೆಯನ್ನು ಎರಡೂ ರಾಜ್ಯದ ಡೊಳ್ಳಿನ ಮ್ಯಾಳಗಳು ಹಾಡುತ್ತವೆ.

ಇಷ್ಟು ಸತ್ವವಿರುವ ಪರಂಪರೆಯ ಕೊರತೆಗಳನ್ನೂ ಹೇಳಬೇಕು. ಮೊದಲನೆಯದು, ಪುರಾಣದ ಒಗಟುಗಳ ಹಾವಳಿ. ಯಾರ ತಂದೆ ಯಾರು, ಯಾವ ಯುಗದಲ್ಲಿ ಏನಾಯಿತು ಎಂಬ ಸವಾಲುಗಳು ಪಾಠ ಮಾಡಿದವರ ನೆನಪನ್ನು ಪರೀಕ್ಷಿಸುತ್ತವೆ, ಕವಿಯ ಬುದ್ಧಿಯನ್ನಲ್ಲ. ಎರಡನೆಯದು ಇನ್ನೂ ದೊಡ್ಡದು. ನಾಗೇಶಿ ಮ್ಯಾಳದ ಮುಂದೆ ನಿಂತು ಹಾಡುವವಳು ಹೆಣ್ಣು; ಆದರೆ ಅವಳ ಪದದ ಕೊನೆಗೆ ಬರುವ ಹೆಸರು ಬಹಳ ಸಲ ಗಂಡು ಕವಿಯದು. ಹೆಣ್ಣಿನ ಪಕ್ಷವನ್ನು ಗಂಡು ಬರೆದುಕೊಟ್ಟಾಗ ತಾಯಿ, ಪತಿವ್ರತೆ, ದೇವಿ ಎಂಬ ಮೂರು ಮೆಟ್ಟಿಲು ದಾಟಿ ವಾದ ಮುಂದೆ ಹೋಗುವುದು ಅಪರೂಪ. ಹೊಲದಲ್ಲಿ ದುಡಿಯುವವಳು, ಕಬ್ಬು ಕಡಿಯಲು ಗುಳೆ ಹೋಗುವವಳು, ಬರಗಾಲದಲ್ಲಿ ಮೈಲಿಗಟ್ಟಲೆ ನೀರು ಹೊರುವವಳು ಈ ಸೀಮೆಯ ಹೆಣ್ಣು. ಅವಳು ಆ ವಾದದೊಳಗೆ ಬರಬೇಕಾಗಿತ್ತು.

ಮೂರನೆಯ ಕೊರತೆಯನ್ನು ಹಾಡುವವರ ಮೇಲೆ ಹೊರಿಸುವಂತಿಲ್ಲ. ಅದು ಹಾಡನ್ನು ಉಳಿಸಹೊರಟ ನಮ್ಮದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜೆ. ಎಫ್. ಫ್ಲೀಟ್ ಹಲಗಲಿಯ ಬೇಡರು, ಸಂಗೊಳ್ಳಿ ರಾಯಣ್ಣ ಮುಂತಾದ ಲಾವಣಿಗಳನ್ನು ಅಚ್ಚಿಗೆ ತಂದರು. ಉಮದಿಯಿಂದ ಗಡಿ ದಾಟಿದರೆ ಚಡಚಣ, ಆ ಸೀಮೆಯದೇ ಹಲಸಂಗಿ. ಖಾಜಾಭಾಯಿಯಂಥ ಲಾವಣಿಕಾರನ ಊರದು. ಮಧುರಚೆನ್ನರ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’, 1933ರಲ್ಲಿ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’ ಹೊರತಂದರು. ಅವರ ಋಣ ದೊಡ್ಡದು. ಆದರೂ ಅಚ್ಚಿನಲ್ಲಿ ಲಾವಣಿ ಎದುರು ಪದವಿಲ್ಲದೆ ಒಂಟಿಯಾಯಿತು. ಆಮೇಲೆ ಬಂದ ಕ್ಯಾಸೆಟ್ಟು, ಈಗಿನ ಮೊಬೈಲು ಆ ಒಂಟಿತನವನ್ನು ಪೂರ್ತಿ ಮಾಡಿದವು. ಐದು ನಿಮಿಷದ ತುಣುಕಿನಲ್ಲಿ ಚುಚ್ಚುಮಾತು ಉಳಿಯುತ್ತದೆ, ಜವಾಬು ಬಿಟ್ಟುಹೋಗುತ್ತದೆ. ಜವಾಬಿಲ್ಲದ ಚುಚ್ಚುಮಾತು ಬರೀ ಬೈಗುಳ.

ಧ್ವನಿಮುದ್ರಣ ಮತ್ತು ಪ್ರಶಸ್ತಿ ಒಂದು ಹಾಡಿಕೆಗೆ ಏನು ಮಾಡುತ್ತವೆ ಎಂಬುದಕ್ಕೆ ದೂರದ ಡೊಮಿನಿಕನ್ ಗಣರಾಜ್ಯದ ಉದಾಹರಣೆ ನಮ್ಮ ಕಣ್ಣು ತೆರೆಸುವಂಥದು. ಅಲ್ಲಿ ಸರ್ವಾಧಿಕಾರಿ ತ್ರುಹಿಯೊ ಮೆರೆಂಗೆಯನ್ನು ರಾಷ್ಟ್ರದ ಸಂಗೀತವೆಂದು ಮೆರೆಸಿದ್ದ. ಅವನು 1961ರಲ್ಲಿ ಹತನಾದ ಮೇಲೆ, 1962ರಲ್ಲಿ ಹೊಸೆ ಮನುಯೆಲ್ ಕಾಲ್ದೆರೋನ್ ಬಚಾತಾ ಹಾಡುಗಳನ್ನು ಮೊದಲು ಮುದ್ರಿಸಿದ. ಗಿಟಾರು ಹಿಡಿದು ಬಡವರು ಹಾಡುವ ಈ ವಿರಹದ ಹಾಡನ್ನು ಸಭ್ಯರು ಸೆರೆಯಂಗಡಿಯ ಪದವೆಂದು ದೂರ ಇಟ್ಟರು. ಅಮೆರಿಕದ ಬರ್ಕ್ಲೀ ಕಾಲೇಜಿನಲ್ಲಿ ಸಂಗೀತ ಕಲಿತು ಬಂದ ಹುವಾನ್ ಲೂಯಿಸ್ ಗೆರ್ರಾ 1990ರಲ್ಲಿ ‘ಬಚಾತಾ ರೋಸಾ’ ಆಲ್ಬಂ ತಂದ. ಹೆಚ್ಚಿನ ಪದ, ರಾಗ ಅವನದೇ; ದನಿಯೂ ಅವನದೇ. 1992ರಲ್ಲಿ ಅದಕ್ಕೆ ಟ್ರಾಪಿಕಲ್ ಲ್ಯಾಟಿನ್ ವಿಭಾಗದ ಗ್ರ್ಯಾಮಿ ಬಂತು. ಬಚಾತಾ ಸಭ್ಯರ ಮನೆಗಳಲ್ಲೂ ಕೇಳಿಸತೊಡಗಿತು. 2019ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಗೆರ್ರಾನ ಕೆಲಸ ದೊಡ್ಡದೆಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮೊದಲಿನ ಬಚಾತಾದ ಒರಟು ಗಿಟಾರು, ಬಿಕ್ಕುವ ದನಿ ಅವನಲ್ಲಿ ನಯವಾದವು. ದಶಕಗಟ್ಟಲೆ ಅವಮಾನ ಉಂಡು ಹಾಡಿದ ಲೂಯಿಸ್ ಸೆಗೂರಾನಂಥವರಿಗೆ ಗೆರ್ರಾನಷ್ಟು ಲೋಕಖ್ಯಾತಿ ಬರಲಿಲ್ಲ.

ಇಂಥ ಕಥೆ ಸಾಂಗಲಿ ಜಿಲ್ಲೆಗೆ ಹೊಸದಲ್ಲ. ವಾಳವಾ ತಾಲೂಕಿನ ರೇಠರೆ ಹರಣಾಕ್ಷದ ಕುಲಕರ್ಣಿ ಮನೆತನದ ಹುಡುಗ ಜಾತಿಯ ಕಟ್ಟು ಮುರಿದು ತಮಾಷಾ ಸೇರಿ ಪಠ್ಠೆ ಬಾಪೂರಾವ ಆದ, ಮರಾಠಿ ಲಾವಣಿಯ ದೊಡ್ಡ ಕವಿಯೆನಿಸಿದ. ಅವನ ಪದಗಳಿಗೆ ರಂಗದ ಮೇಲೆ ಜೀವ ಕೊಟ್ಟವಳು ದಲಿತ ಕಲಾವಿದೆ ಪವಳಾ. ಇಬ್ಬರಿಲ್ಲದೆ ಆ ಲಾವಣಿ ಇಲ್ಲ. ಆದರೂ ನಾವು ಸಾಮಾನ್ಯವಾಗಿ ಒಬ್ಬನನ್ನೇ ಎಣಿಸುತ್ತೇವೆ.

ಬಚಾತಾ ಒಬ್ಬನ ಅಳಲು. ಒಬ್ಬನ ಆಲ್ಬಮ್ಮಿನಲ್ಲಿ ಅದು ನಯವಾದರೂ ಬದುಕೀತು. ಹಾಡಿಕೆಗೆ ಆ ಅನುಕೂಲವಿಲ್ಲ. ಅದರ ಸೊಗಸು ಇಬ್ಬರ ನಡುವೆ ಇದೆ. ಹರದೇಶಿಯವನ ಸವಾಲು ಎಷ್ಟು ಗಟ್ಟಿ ಎಂಬುದು ಗೊತ್ತಾಗುವುದು ನಾಗೇಶಿಯವಳು ಜವಾಬು ಕೊಟ್ಟ ಮೇಲೆಯೇ. ಆದ್ದರಿಂದ ಜತ್ತಿನ ಹಾಡಿಕೆಗೆ ಒಬ್ಬ ಗೆರ್ರಾ ಬಂದರೆ ಸಾಲದು.

ಕರ್ನಾಟಕ ಜಾನಪದ ಅಕಾಡೆಮಿ ಗೀಗೀ, ಲಾವಣಿ, ಡೊಳ್ಳಿನ ಕಲಾವಿದರನ್ನು ಗೌರವಿಸುತ್ತ ಬಂದಿದೆ. ಅದು ಒಳ್ಳೆಯ ಕೆಲಸ. ಆದರೆ ಅಲ್ಲಿ ಲೆಕ್ಕ ಕರ್ನಾಟಕದ ಜಿಲ್ಲೆಗಳದು, ಜತ್ತ ಇರುವುದು ಸಾಂಗಲಿಯಲ್ಲಿ. ಮಹಾರಾಷ್ಟ್ರದಲ್ಲಿ ಲಾವಣಿ ಎಂದರೆ ಮರಾಠಿಯದೇ ಕಣ್ಣಿಗೆ ಬೀಳುತ್ತದೆ. ಗಡಿಯ ಮ್ಯಾಳ ಎರಡೂ ಕಡೆ ಲೆಕ್ಕಕ್ಕಿಲ್ಲದೆ ಉಳಿಯುವುದು ಹೀಗೆ. ಯಾವ ಊರು ಯಾವ ರಾಜ್ಯಕ್ಕೆ ಎಂಬ ತಕರಾರು ಮುಗಿಯುವತನಕ ಹಾಡು ಕಾಯಬೇಕಾಗಿಲ್ಲ. ಗೌರವಿಸುವವರು ಎದುರುಬದುರು ಹಾಡಿದ ಎರಡೂ ಮ್ಯಾಳಗಳನ್ನು ಕೂಡಿಸಿ ಗೌರವಿಸಲಿ, ಪದ ಕಟ್ಟಿದವರ ಹೆಸರನ್ನೂ ಸೇರಿಸಲಿ. ಮುದ್ರಿಸುವವರು ಗಣಸ್ತುತಿಯಿಂದ ಮಂಗಳದವರೆಗೆ ಇಡೀ ರಾತ್ರಿಯನ್ನು ಮುದ್ರಿಸಲಿ. ಎಲ್ಲಕ್ಕಿಂತ ಮೊದಲು, ನಾಗೇಶಿ ಹಾಡುವ ಹೆಣ್ಣುಮಗಳು ತನ್ನ ಪದವನ್ನು ತಾನೇ ಕಟ್ಟಿ, ಕೊನೆಯ ನುಡಿಯಲ್ಲಿ ತನ್ನ ಹೆಸರು ಹಾಕುವಂತಾಗಲಿ. ಆಗ ಹರದೇಶಿಯವರೂ ಹೊಸ ಜವಾಬು ಹುಡುಕಬೇಕಾಗುತ್ತದೆ. ಹಳೆಯ ಒಗಟುಗಳಲ್ಲಿ ಸಿಕ್ಕಿಕೊಂಡ ಹಾಡಿಕೆ ಮುಂದೆ ಸಾಗುವ ದಾರಿ ಅದೇ.