ತಪ್ಪು ಬೋರ್ಡಿನದೋ, ವೈರಿಂಗಿನದೋ?

ಲಿಫ್ಟಿನ ಬಾಗಿಲು ತೆರೆದೇ ಬಿಟ್ಟರೆ ಒಳಗಿನ ದನಿ ಮುಚ್ಚಿ, ಮುಚ್ಚಿ ಎಂದು ಬೇಸರವಿಲ್ಲದೆ ಹೇಳುತ್ತಿರುತ್ತದೆ. ಕಾರ್ಖಾನೆಯ ಕಂಟ್ರೋಲ್ ಪ್ಯಾನೆಲ್‌ಗೂ ಇಂಥ ದನಿ ಕೊಡುವುದು ಒಳ್ಳೆಯ ಯೋಚನೆಯೇ. ಮೂರು ಬಣ್ಣದ ದೀಪಗಳಲ್ಲಿ ಯಾವುದಕ್ಕೆ ಏನರ್ಥ ಎಂದು ನೆನಪಿಟ್ಟುಕೊಳ್ಳುವುದಕ್ಕಿಂತ ‘ಎಣ್ಣೆ ಕಡಿಮೆಯಾಗಿದೆ’ ಎಂದು ಕನ್ನಡದಲ್ಲಿ ಕೇಳಿಸಿಕೊಳ್ಳುವುದು ಆಪರೇಟರ್‌ಗೆ ಸಲೀಸು. ನನ್ನ ತಕರಾರಿರುವುದು ಆ ದನಿಯನ್ನು ಪ್ಯಾನೆಲ್ಲಿಗೆ ಜೋಡಿಸುವ ರೀತಿಯ ಬಗ್ಗೆ.

ಅಗ್ಗದಲ್ಲಿ ಮುಗಿಸಬೇಕೆನ್ನುವವರ ಕೈಗೆ ಬೇಗ ಸಿಗುವುದು ಡಿಎಫ್‌ಪ್ಲೇಯರ್ ಮಿನಿ ಅಥವಾ ಅದರ ನಕಲು. ರೆಕಾರ್ಡ್ ಮಾಡಿದ ದನಿ ನುಡಿಸುವ, ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡ ಬೋರ್ಡು. ಅದರಲ್ಲೇ 32 ಜಿಬಿವರೆಗಿನ ಮೈಕ್ರೋ ಎಸ್‌ಡಿ ಕಾರ್ಡ್, ಅದರಲ್ಲೇ 3 ವ್ಯಾಟ್‌ನ ಆಂಪ್ಲಿಫೈಯರ್. ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಇದು ಮೇಜಿನ ಮೇಲಿನ ಪ್ರಯೋಗಕ್ಕೆ ಹುಟ್ಟಿದ್ದು. ಪ್ಯಾನೆಲ್‌ನಲ್ಲಿರುವುದು 24 ವೋಲ್ಟ್ ಡಿಸಿ, ಇದಕ್ಕೆ ಬೇಕಾದದ್ದು 3.2ರಿಂದ 5 ವೋಲ್ಟ್. ಎಡವಟ್ಟುಗಳೆಲ್ಲ ಹುಟ್ಟುವುದು ಈ ನಡುವಿನ ಅಂತರದಲ್ಲಿ.

ಮೊದಲ ಎಡವಟ್ಟು 7805 ರೆಗ್ಯುಲೇಟರ್. 24ರಿಂದ 5ಕ್ಕೆ ಇಳಿಸುವಾಗ ಉಳಿದ 19 ವೋಲ್ಟ್ ಪೂರ್ತಿ ಬಿಸಿಯಾಗಿ ಹೋಗಬೇಕು; ಅರ್ಧ ಆಂಪಿಯರ್ ಎಳೆದರೆ ಒಂಬತ್ತೂವರೆ ವ್ಯಾಟ್ ಶಾಖ. ಮುಚ್ಚಿದ ಪೆಟ್ಟಿಗೆಯಲ್ಲಿ ಇದನ್ನು ಜಾಣತನ ಎನ್ನಲಾರೆ. ಎಲ್‌ಎಂ2596ನಂಥ ಬಕ್ ಕನ್ವರ್ಟರ್ ಹಾಕಿ, ಬೋರ್ಡಿನ ಕಾಲ ಬುಡದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಬೇಕು. 4 ಓಮ್ ಸ್ಪೀಕರ್ ಜೋರಾಗಿ ಮಾತಾಡುವಾಗ ಕರೆಂಟ್ ಕ್ಷಣಮಾತ್ರ ಒಂದು ಆಂಪಿಯರ್ ಮುಟ್ಟುತ್ತದೆ. ಸಪ್ಲೈ ಆಗ ಕುಸಿದರೆ ಬೋರ್ಡು ರೀಸೆಟ್ ಆಗಿ, ಮಾತು ಅರ್ಧಕ್ಕೇ ನಿಲ್ಲುತ್ತದೆ. ‘ನಕಲಿ ಮಾಲು’ ಎಂದು ಬೈಸಿಕೊಂಡ ಎಷ್ಟೋ ಬೋರ್ಡುಗಳ ನಿಜವಾದ ಕಾಯಿಲೆ ಇದೇ ಎಂಬುದು ನನ್ನ ಗುಮಾನಿ.

ಎರಡನೆಯದು ಇನ್ನೂ ನವಿರಾದ ತಪ್ಪು. ಒಂದೇ ಪಿನ್ನಿಗೆ ಹಲವು ಬಟನ್ ಕೊಡಲು ಇದರಲ್ಲಿ ‘ಎಡಿಕೀ’ ಎಂಬ ಸೌಲಭ್ಯವಿದೆ. ಒಂದೊಂದು ಬಟನ್ನಿಗೂ ಬೇರೆ ಬೇರೆ ರೆಸಿಸ್ಟರ್; ಪಿನ್ನಿನ ವೋಲ್ಟೇಜ್ ನೋಡಿ ಚಿಪ್ ಹಾಡು ಆರಿಸುತ್ತದೆ. ಮೇಜಿನ ಮೇಲೆ ಸೊಗಸು. ಆದರೆ ಆ ವೈರನ್ನು ಮೋಟಾರ್ ಕೇಬಲ್ ಹೋಗುವ ಡಕ್ಟ್‌ನಲ್ಲೇ ಮೀಟರುಗಟ್ಟಲೆ ಎಳೆದು, ಪಕ್ಕದಲ್ಲಿ ಕಾಂಟ್ಯಾಕ್ಟರ್ ಟಪ್ಪೆಂದರೆ, ‘ಗಾಳಿ ಒತ್ತಡ ಕಡಿಮೆ’ ಎನ್ನಬೇಕಾದ ಬೋರ್ಡು ‘ಬಾಗಿಲು ತೆರೆದಿದೆ’ ಎಂದೀತು. ಮೌನಕ್ಕಿಂತ ಸುಳ್ಳು ಸಂದೇಶ ಕೆಟ್ಟದ್ದು. ಎರಡು ಸಲ ಹೀಗಾದರೆ ಮೂರನೆಯ ಸಲ ಆಪರೇಟರ್ ಕಿವಿಗೊಡುವುದಿಲ್ಲ. ಪಿಎಲ್‌ಸಿಯ 24 ವೋಲ್ಟ್ ಔಟ್‌ಪುಟ್ಟನ್ನು ನೇರ ಪಿನ್ನಿಗೆ ಚುಚ್ಚುವವರ ಬಗ್ಗೆ ಹೇಳುವುದೇ ಬೇಡ, ಅಲ್ಲಿ ಬೋರ್ಡು ಉಳಿಯುವುದೇ ಇಲ್ಲ. ನಡುವೆ ಪಿಸಿ817 ಆಪ್ಟೋಕಪ್ಲರ್ ಇರಲಿ, ಇಲ್ಲವೇ ರಿಲೇಯ ಡ್ರೈ ಕಾಂಟ್ಯಾಕ್ಟ್. ಡಿಸಿ ಕಾಯಿಲ್‌ಗಳಿಗೆ ಅಡ್ಡಲಾಗಿ 1ಎನ್4007 ಡಯೋಡ್ ಕಡ್ಡಾಯ.

ಸ್ಪೀಕರ್‌ನ ಎರಡು ವೈರುಗಳಲ್ಲಿ ಯಾವುದೂ ನೆಗೆಟಿವ್ ಅಲ್ಲ, ಎರಡರಲ್ಲೂ ಸಿಗ್ನಲ್ ಇದೆ. ಒಂದನ್ನು ಪ್ಯಾನೆಲ್ಲಿನ ಲೋಹದ ಮೈಗೆ ಮುಟ್ಟಿಸಿದರೆ ಆಂಪ್ಲಿಫೈಯರ್ ಕತೆ ಮುಗಿಯಬಹುದು. ಇನ್ನು ಪ್ರೆಸ್‌ಗಳ ಗದ್ದಲದಲ್ಲಿ 3 ವ್ಯಾಟ್ ಯಾರಿಗೂ ಕೇಳಿಸದು. ಡ್ಯಾಕ್ ಪಿನ್ನಿನಿಂದ ಬೇರೆ ಆಂಪ್ಲಿಫೈಯರಿಗೆ, ಅಲ್ಲಿಂದ ಹಾರ್ನ್‌ಗೆ ಕೊಡುವುದೇ ಸರಿ.

ಇಷ್ಟೆಲ್ಲ ಸೇರಿಸುವ ಹೊತ್ತಿಗೆ ಅಗ್ಗದ ಬೋರ್ಡು ಅಗ್ಗವಾಗಿ ಉಳಿದಿರುವುದಿಲ್ಲ. 24 ವೋಲ್ಟನ್ನೇ ನೇರ ತೆಗೆದುಕೊಂಡು, ಆಪ್ಟೋ ಇನ್‌ಪುಟ್, ಸ್ಕ್ರೂ ಟರ್ಮಿನಲ್, ಡಿನ್ ರೈಲ್ ಸಮೇತ ಬರುವ ಮಾಡ್ಯೂಲ್‌ಗೆ ಜಾಸ್ತಿ ಬೆಲೆ ಯಾಕೆ ಎಂಬುದಕ್ಕೆ ಇದೇ ಉತ್ತರ. ಒಂದೆರಡು ಯಂತ್ರ, ವೈರಿಂಗ್ ತಿಳಿದ ಕೈ ಇದ್ದರೆ ಡಿಎಫ್‌ಪ್ಲೇಯರ್ ಸಾಕು. ಹೊರರಾಜ್ಯದ ಗಿರಾಕಿಗೆ ಕಳಿಸುವ ಪ್ಯಾನೆಲ್ ಆದರೆ ದುಬಾರಿಯದನ್ನೇ ಹಾಕಿ, ರಿಪೇರಿಗೆ ಓಡುವ ಖರ್ಚು ಉಳಿಯುತ್ತದೆ. ಬೆಂಕಿ ಬಿದ್ದಾಗ ಜನರನ್ನು ಹೊರಗೆ ಕಳಿಸುವ ಘೋಷಣೆಗೆ ಮಾತ್ರ ಇವೆರಡೂ ಬೇಡ: ಇಎನ್ 54-16 ಮಾನದಂಡದ ಉಪಕರಣ ಸ್ಪೀಕರ್ ಲೈನ್ ತುಂಡಾದರೆ ತಾನೇ ದೋಷ ತೋರಿಸುತ್ತದೆ, ಇವು ಸುಮ್ಮನಿರುತ್ತವೆ.