ಬೇರುಗಂಟು ಮತ್ತು ಸಸ್ಯ ಹಾರ್ಮೋನು: ಒಂದು ವಿಮರ್ಶೆ

ದ್ವಿದಳ ಸಸ್ಯಗಳ ಬೇರಿನಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಗಳ ಸಹಜೀವನದಿಂದ ಮೂಡುವ ಗಂಟುಗಳಿಗೆ ಹಾರ್ಮೋನುಗಳೇ ಕಾರಣವೆಂಬ ಮಾತು ತರಗತಿಗಳಲ್ಲಿ ರೂಢಿಯಾಗಿದೆ. ಈ ಮಾತು ಸುಳ್ಳಲ್ಲ. ಆದರೆ 'ಕಾರಣ' ಎಂಬ ಪದವನ್ನು ಇಲ್ಲಿ ಬಹಳ ಸಡಿಲವಾಗಿ ಬಳಸಲಾಗುತ್ತಿದೆಯೆಂದು ತೋರಿಸುವುದು ಈ ಲೇಖನದ ಉದ್ದೇಶ.

1936ರಲ್ಲಿ ಕೆನೆತ್ ಥೀಮನ್ನರು ಬಟಾಣಿಯ ಬೇರುಗಂಟುಗಳಲ್ಲಿ ಆಕ್ಸಿನ್ ಹೇರಳವಾಗಿರುವುದನ್ನು ಕಂಡು, ಗಂಟಿನ ಹುಟ್ಟಿಗೂ ಅದಕ್ಕೂ ಸಂಬಂಧವನ್ನು ಕಲ್ಪಿಸಿದರು. ಆ ಕಾಲಕ್ಕೆ ಅದು ಬೆಲೆಯುಳ್ಳ ಊಹೆ. ಆದರೆ ಒಂದು ವಸ್ತು ಗಂಟಿನಲ್ಲಿದೆಯೆಂದ ಮಾತ್ರಕ್ಕೆ ಗಂಟು ಅದರಿಂದಲೇ ಹುಟ್ಟಿತೆನ್ನಲಾಗದು; ಅದು ಬೆಳವಣಿಗೆಯ ಫಲವೂ ಆಗಿರಬಹುದು. 1989ರಲ್ಲಿ ಆನ್ ಹರ್ಷ್ ಮತ್ತು ಸಂಗಡಿಗರು, ಆಕ್ಸಿನ್ನಿನ ಸಾಗಣೆಯನ್ನು ತಡೆಯುವ ರಾಸಾಯನಿಕಗಳನ್ನು ಲೂಸರ್ನ್ ಬೇರಿಗೆ ಕೊಟ್ಟಾಗ ಬ್ಯಾಕ್ಟೀರಿಯವಿಲ್ಲದೆಯೇ ಗಂಟಿನಂತಹ ಉಬ್ಬುಗಳೇಳುವುದನ್ನು ವರದಿಮಾಡಿದರು. ಹಾರ್ಮೋನಿನ ಒಟ್ಟು ಪ್ರಮಾಣಕ್ಕಿಂತ ಅದರ ಹಂಚಿಕೆಯೂ ಇತರ ಹಾರ್ಮೋನುಗಳೊಡನೆ ಅದರ ಸಮತೋಲವೂ ಮುಖ್ಯವೆಂಬ ವಿಚಾರಕ್ಕೆ ಇದರಿಂದ ಬಲ ಬಂದಿತು.

ಆದರೂ ಹೊರಗಿನಿಂದ ಕೊಟ್ಟ ರಾಸಾಯನಿಕದ ಸಾಕ್ಷ್ಯಕ್ಕೆ ಒಂದು ಮಿತಿಯಿದೆ. ಬೇರು ಏನನ್ನು ಮಾಡಬಲ್ಲದೆಂಬುದನ್ನು ಅದು ತಿಳಿಸುತ್ತದೆ. ಸೋಂಕಿನ ಕಾಲದಲ್ಲಿ ವಾಸ್ತವವಾಗಿ ಏನು ಮಾಡುತ್ತದೆಂಬುದನ್ನು ತಿಳಿಸುವುದಿಲ್ಲ. ಈ ಕೊರತೆಯನ್ನು ತುಂಬಿದುದು ಉತ್ಪರಿವರ್ತಿತ ಗಿಡಗಳ ಅಧ್ಯಯನ. ಲೋಟಸ್ ಜಪಾನಿಕಸ್ ಸಸ್ಯವನ್ನು ಕುರಿತು 2007ರಲ್ಲಿ ಎರಡು ವರದಿಗಳು ಜೊತೆಯಲ್ಲಿಯೇ ಪ್ರಕಟವಾದವು. ಸೈಟೊಕೈನಿನ್ನಿನ ಒಂದು ಗ್ರಾಹಕವು ನಿಷ್ಕ್ರಿಯವಾದ ಗಿಡದಲ್ಲಿ ಬ್ಯಾಕ್ಟೀರಿಯಗಳು ಬೇರನ್ನು ಹೊಕ್ಕರೂ ಗಂಟನ್ನು ಕಟ್ಟಬೇಕಾದ ಕೋಶವಿಭಜನೆ ಸಕಾಲದಲ್ಲಿ ನಡೆಯಲಿಲ್ಲ. ಅದೇ ಗ್ರಾಹಕವು ತಾನಾಗಿಯೇ ಸಕ್ರಿಯವಾಗಿದ್ದ ಗಿಡದಲ್ಲಿ ಬ್ಯಾಕ್ಟೀರಿಯವಿಲ್ಲದೆಯೇ ಗಂಟುಗಳು ಮೂಡಿದವು.

ಇವೆರಡನ್ನೂ ಕೂಡಿಸಿ ನೋಡಿದರೆ ಸೋಂಕು ಮತ್ತು ಗಂಟಿನ ರಚನೆ ಬೇರೆಬೇರೆ ವ್ಯಾಪಾರಗಳೆಂಬುದು ಸ್ಪಷ್ಟವಾಗುತ್ತದೆ. ಸಹಜವಾಗಿ ಇವೆರಡನ್ನೂ ಒಟ್ಟಿಗೆ ಆರಂಭಿಸುವುದು ಬ್ಯಾಕ್ಟೀರಿಯ ಕಳುಹಿಸುವ ಸಂಕೇತ. 'ನಾಡ್' ಅಂಶವೆಂಬ ಈ ವಸ್ತುವಿನ ರಾಸಾಯನಿಕ ರಚನೆ 1990ರಲ್ಲಿ ಪ್ರಕಟವಾಯಿತು. ಸೈಟೊಕೈನಿನ್ ಆ ಸಂಕೇತವನ್ನು ಬೇರಿನ ಒಳಕೋಶಗಳಲ್ಲಿ ಕಾರ್ಯಗತಗೊಳಿಸುವ ಸಸ್ಯದ ಸ್ವಂತ ಸಾಧನ. ಬ್ಯಾಕ್ಟೀರಿಯವಿಲ್ಲದ ಗಂಟಿನಲ್ಲಿ ನೈಟ್ರೊಜನೇಸ್ ಇರುವುದಿಲ್ಲ. ಆದುದರಿಂದ ಸಾರಜನಕದ ಸ್ಥಿರೀಕರಣವೂ ಇರುವುದಿಲ್ಲ.

ಎಥಿಲೀನಿನ ಪಾತ್ರ ಇದಕ್ಕೆ ವಿರುದ್ಧವಾದುದು. ಎಥಿಲೀನಿಗೆ ಸ್ಪಂದಿಸದ ಮೆಡಿಕಾಗೊ ಗಿಡದಲ್ಲಿ ಸೋಂಕುಗಳು ಮಿತಿಮೀರಿ ಉಳಿದು ಗಂಟುಗಳು ದಟ್ಟವಾಗಿ ಬೆಳೆಯುತ್ತವೆಯೆಂದು ಪೆನ್ಮೆಟ್ಸ ಮತ್ತು ಕುಕ್ ಅವರು 1997ರಲ್ಲಿ ತೋರಿಸಿದರು. ಪ್ರತಿಯೊಂದು ಗಂಟೂ ಗಿಡವು ತಯಾರಿಸಿದ ಸಕ್ಕರೆಯನ್ನುಂಡು ಬದುಕುವುದರಿಂದ ಈ ಹತೋಟಿ ಗಿಡಕ್ಕೆ ಹಿತಕರವೇ ಸರಿ. ಗಂಟುಗಳು ಹೆಚ್ಚಿದಷ್ಟೂ ಗಿಡಕ್ಕೆ ಲಾಭವೆಂದು ಬೋಧಿಸುವುದು ಇದರಿಂದಲೇ ಅಪಾಯಕರ.

ಪ್ರಯೋಗಶಾಲೆಗಳಲ್ಲಿ ನಮ್ಮ ವಿದ್ಯಾರ್ಥಿಗಳು ಗಂಟುಗಳನ್ನೆಣಿಸಿ ತಃಖ್ತೆಯಲ್ಲಿ ಬರೆದು ಮುಗಿಸುವುದುಂಟು. ಅಷ್ಟು ಸಾಲದು. ಅವುಗಳನ್ನು ಸೀಳಿ, ಒಳಗೆ ಲೆಗ್‌ಹೀಮೊಗ್ಲೋಬಿನ್ನಿನ ನಸುಗೆಂಪು ಬಣ್ಣವಿದೆಯೇ ಎಂದು ನೋಡಬೇಕು. ಹಾರ್ಮೋನು ಕಟ್ಟಿದ ಮನೆಯಲ್ಲಿ ಸಾರಜನಕವನ್ನು ಕೂಡಿಡುವ ಒಕ್ಕಲು ನೆಲೆಸಿದೆಯೇ ಎಂಬುದು ಆಗ ತಿಳಿಯುತ್ತದೆ.